ಶ್ರೀಗಂಧವೇಕೆ ಆರೊಮ್ಯಾಟಿಕ್ ಅಲ್ಲ?

ಬೆಂಗಳೂರಿನ ಹೆಬ್ಬಾಳವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಾಭಿಮುಖವಾಗಿ ಸಾಗಿದರೆ ಅಮೃತಹಳ್ಳಿ ಸಿಗುತ್ತದೆ. ಹಿಂದೆ ಕೆರೆಯನ್ನು ಆಶ್ರಯಿಸಿದ್ದ ಹಳ್ಳಿ ಅದು. ಇಂದು ಮಹಾನಗರದೊಳಗೆ ಸೇರಿಹೋದ ಬಡಾವಣೆ. ಅಲ್ಲಿನ ಯಾವುದಾದರೊಂದು ದಿನಸಿ ಅಂಗಡಿಯನ್ನು ಹೊಕ್ಕು ನೋಡಿದರೆ ನಮ್ಮ ನಾಡಿನ ಎಲ್ಲ ಅಂಗಡಿಗಳಲ್ಲಿರುವಂತೆ ಶ್ರೀಗಂಧದ ಸಾಬೂನು, ಕರ್ಪೂರ, ಏಲಕ್ಕಿ, ಲವಂಗ, ಓಮ, ಜೀರಿಗೆ, ಲೋಬಾನ, ನುಸಿಗುಳಿಗೆ ಇವೆಲ್ಲ ಸಾಲಾಗಿ ಕಾಣಸಿಗುತ್ತವೆ. ನೆರೆಯ ಔಷಧದ ಅಂಗಡಿಯಲ್ಲಿ ಆಸ್ಪಿರಿನ್, ಪ್ಯಾರಾಸಿಟಮಾಲ್ ಮಾತ್ರೆಗಳಿರುತ್ತವೆ.

ಈ ಪದಾರ್ಥಗಳಲ್ಲಿ ‘ಆರೊಮ್ಯಾಟಿಕ್’ ಸಂಯುಕ್ತಗಳು ಯಾವುವು ಎಂದು ಕೇಳಿದರೆ ವಿದ್ಯಾರ್ಥಿಗಳು ಏನೆಂದಾರು? ‘ಆರೊಮ’ ಎಂದರೆ ಪರಿಮಳ. ಆದುದರಿಂದ ಮೂಗು ಕೂಡಲೇ ಶ್ರೀಗಂಧವನ್ನೂ ಕರ್ಪೂರವನ್ನೂ ಏಲಕ್ಕಿಯನ್ನೂ ಆರಿಸಿಕೊಳ್ಳುತ್ತದೆ. ರಸಾಯನವಿಜ್ಞಾನಿಯಾದರೋ ಈ ಮೂರನ್ನೂ ಬದಿಗಿಟ್ಟು, ಹೆಚ್ಚುಕಡಮೆ ವಾಸನೆಯೇ ಇಲ್ಲದ ಆಸ್ಪಿರಿನ್ ಮತ್ತು ಪ್ಯಾರಾಸಿಟಮಾಲುಗಳನ್ನು ಎತ್ತಿಕೊಳ್ಳುತ್ತಾನೆ. ಗಂಧದ ನಾಡಿನವರಾದ ನಮಗೆ ಇದು ಅನ್ಯಾಯವೆಂದೇ ತೋರೀತು. ಆದರೆ ಈ ತೀರ್ಪಿನ ಹಿಂದೆ ಒಂದು ಶತಮಾನಕ್ಕೂ ಮೀರಿದ ಶೋಧನೆಯ ಕಥೆಯಿದೆ. ಅದನ್ನು ತಿಳಿದರೆ ಸಾವಯವ ರಸಾಯನಶಾಸ್ತ್ರದ ಅರ್ಧ ಭಾಗದ ಬಾಗಿಲು ತೆರೆದಂತೆಯೇ ಸರಿ. ಜೊತೆಗೆ ನಮ್ಮ ಆರೋಗ್ಯಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆಯೂ ದೊರೆಯುತ್ತದೆ.

ಲೋಬಾನದಿಂದ ಬೆಂಜೀನಿಗೆ

ಕಥೆ ಆರಂಭವಾಗುವುದು ನಮ್ಮ ಮನೆಗಳಲ್ಲಿ ಧೂಪಕ್ಕೆ ಹಾಕುವ ಲೋಬಾನದಿಂದ. ಆಗ್ನೇಯ ಏಷ್ಯದ ಕೆಲವು ಮರಗಳ ಈ ಅಂಟನ್ನು ಅರಬ್ಬಿ ವರ್ತಕರು ‘ಲುಬಾನ್ ಜಾವಿ’, ಅಂದರೆ ಜಾವಾ ದೇಶದ ಧೂಪ, ಎಂದು ಕರೆಯುತ್ತಿದ್ದರು. ಯೂರೋಪಿನವರ ನಾಲಗೆಯಲ್ಲಿ ಮೊದಲಕ್ಷರ ಉದುರಿ, ಉಳಿದುದು ತಿರುಚಿ, ಕಡೆಗೆ ‘ಬೆಂಜಾಯಿನ್’ ಎಂದಾಯಿತು. ಅದರಿಂದ ತೆಗೆದ ಆಮ್ಲಕ್ಕೆ ಬೆಂಜಾಯಿಕ್ ಆಮ್ಲವೆಂದು ಹೆಸರು ಬಂದಿತು. 1833-34ರಲ್ಲಿ ಜರ್ಮನಿಯ ಮಿಚರ್ಲಿಕ್ ಈ ಆಮ್ಲವನ್ನು ಸುಣ್ಣದೊಡನೆ ಕಾಯಿಸಿ ಬಟ್ಟಿಯಿಳಿಸಿದಾಗ ಬಣ್ಣವಿಲ್ಲದ ಒಂದು ದ್ರವ ಲಭಿಸಿತು. ಇದೇ ದ್ರವವನ್ನು 1825ರಲ್ಲಿಯೇ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ, ದೀಪಕ್ಕೆ ಬಳಸುತ್ತಿದ್ದ ಅನಿಲದ ಕೊಳವೆಗಳಲ್ಲಿ ಉಳಿದ ಎಣ್ಣೆಯಿಂದ ಬೇರ್ಪಡಿಸಿದ್ದನು. ಈಗ ನಾವು ಬೆಂಜೀನ್ ಎನ್ನುವುದು ಈ ದ್ರವಕ್ಕೇ. ಹೀಗೆ ‘ಲೋಬಾನ’, ‘ಬೆಂಜೀನ್’ ಎಂಬ ಎರಡು ಶಬ್ದಗಳೂ ಒಂದೇ ಬೇರಿನಿಂದ ಚಿಗುರಿದವು.

ಲೋಬಾನದ ಬೆಂಜಾಯಿಕ್ ಆಮ್ಲ, ಕಹಿಬಾದಾಮಿಯ ಎಣ್ಣೆ, ವೆನಿಲ ಮೊದಲಾದುವುಗಳಲ್ಲಿ ಬೆಂಜೀನಿನ ಸಂಬಂಧಿಗಳು ಮೇಲಿಂದ ಮೇಲೆ ಕಂಡುಬಂದುದರಿಂದ, ಪರಿಮಳವೇ ಈ ಕುಟುಂಬದ ಗುರುತು ಎಂದು ಅಂದಿನವರು ಭಾವಿಸಿದುದು ಸಹಜವಾಗಿತ್ತು. 1855ರಲ್ಲಿ ಹಾಫ್‌ಮನ್ ‘ಆರೊಮ್ಯಾಟಿಕ್’ ಎಂಬ ವಿಶೇಷಣವನ್ನು ಈ ವರ್ಗದ ಆಮ್ಲಗಳಿಗೆ ಬಳಸಿದನು. ಹೆಸರು ಹಾಗೆಯೇ ಉಳಿಯಿತು. ಅರ್ಥ ಮಾತ್ರ ಸಂಪೂರ್ಣವಾಗಿ ಬದಲಾಯಿತು. ಅದು ಬದಲಾದುದೇಕೆಂದು ತಿಳಿಯಲು ಬೆಂಜೀನಿನ ಸ್ವಭಾವವನ್ನೇ ನೋಡಬೇಕು.

ಒಂದು ವಿಚಿತ್ರ ಅಣು

ಬೆಂಜೀನಿನ ಒಂದು ಅಣುವಿನಲ್ಲಿ 6 ಇಂಗಾಲದ ಪರಮಾಣುಗಳೂ 6 ಜಲಜನಕದ ಪರಮಾಣುಗಳೂ ಇವೆ. ಆರು ಇಂಗಾಲಗಳ ನೇರ ಸರಪಣಿಯು ಜಲಜನಕದಿಂದ ತೃಪ್ತವಾದರೆ 14 ಜಲಜನಕಗಳನ್ನು ಹಿಡಿದಿಟ್ಟುಕೊಳ್ಳಬಲ್ಲುದು. ಬೆಂಜೀನಿನಲ್ಲಿರುವುದು ಕೇವಲ 6. ಇಂಥ ಅತೃಪ್ತ ಸಂಯುಕ್ತಗಳಲ್ಲಿ ದ್ವಿಬಂಧಗಳಿರುತ್ತವೆ. ಅವು ಬ್ರೋಮಿನಿನಂಥ ದ್ರವ್ಯವನ್ನು ಕಂಡೊಡನೆ ಅದನ್ನು ಸೇರಿಸಿಕೊಳ್ಳುತ್ತವೆ. ಕೆಂಪು-ಕಂದು ಬಣ್ಣದ ಬ್ರೋಮಿನ್ ದ್ರಾವಣ ಕ್ಷಣಮಾತ್ರದಲ್ಲಿ ಬಣ್ಣಗೆಡುವುದನ್ನು ಕಾಲೇಜಿನ ಪ್ರಯೋಗಶಾಲೆಗಳಲ್ಲಿ ತೋರಿಸುವುದುಂಟು. ಇದಕ್ಕೆ ಸಂಕಲನಕ್ರಿಯೆ ಎಂದು ಹೆಸರು.

ಬೆಂಜೀನ್ ಹಾಗೆ ಮಾಡುವುದಿಲ್ಲ. ಅಷ್ಟೊಂದು ಅತೃಪ್ತವಾಗಿದ್ದರೂ ಬ್ರೋಮಿನನ್ನು ಅದು ಲೆಕ್ಕಿಸುವುದೇ ಇಲ್ಲ. ಕಬ್ಬಿಣದ ಪುಡಿಯಂಥ ಪ್ರೇರಕವನ್ನು ಸೇರಿಸಿ ಒತ್ತಾಯ ಮಾಡಿದರೆ, ತನ್ನ ಒಂದು ಜಲಜನಕವನ್ನು ಬಿಟ್ಟುಕೊಟ್ಟು ಆ ಜಾಗದಲ್ಲಿ ಒಂದು ಬ್ರೋಮಿನನ್ನು ಕೂಡಿಸಿಕೊಳ್ಳುತ್ತದೆ. ಇದು ಆದೇಶನಕ್ರಿಯೆ. ಉಂಗುರವನ್ನು ಮಾತ್ರ ಮುರಿಯಗೊಡುವುದಿಲ್ಲ. ಮನೆಯ ಒಬ್ಬ ಬಾಡಿಗೆದಾರನನ್ನು ಬದಲಾಯಿಸಲು ಒಪ್ಪಿ, ಮನೆಯ ಗೋಡೆಯನ್ನು ಮುಟ್ಟಲು ಒಪ್ಪದ ಯಜಮಾನನಂತೆ ಇದರ ವರ್ತನೆ.

1865ರಲ್ಲಿ ಕೆಕುಲೆ ಎಂಬ ಜರ್ಮನ್ ವಿಜ್ಞಾನಿಯು ಆರು ಇಂಗಾಲಗಳು ಉಂಗುರವಾಗಿ ಕೂಡಿಕೊಂಡಿವೆಯೆಂದು ಸೂಚಿಸಿದನು. ಒಂದು ಏಕಬಂಧ, ಒಂದು ದ್ವಿಬಂಧ, ಹೀಗೆ ಅವು ಒಂದು ಬಿಟ್ಟು ಒಂದರಂತೆ ಬರುತ್ತವೆಂಬುದು ಅವನ ಚಿತ್ರ. ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಹಾವನ್ನು ಅರೆನಿದ್ರೆಯಲ್ಲಿ ಕಂಡು ಈ ಭಾವನೆ ಹೊಳೆಯಿತೆಂದು ಅವನೇ 1890ರ ಸಮಾರಂಭವೊಂದರಲ್ಲಿ ಹೇಳಿದನು. ಆದರೆ ಉಂಗುರದಲ್ಲಿ ಮೂರು ದ್ವಿಬಂಧಗಳಿದ್ದರೆ ಬ್ರೋಮಿನ್ ಏಕೆ ಸೇರುವುದಿಲ್ಲ ಎಂಬ ಪ್ರಶ್ನೆಗೆ ಆ ಚಿತ್ರದಲ್ಲಿ ಸಮರ್ಪಕ ಉತ್ತರವಿರಲಿಲ್ಲ.

ಅಳತೆಗಳು ಹೇಳಿದ ಮಾತು

ಉತ್ತರ ಬಂದುದು ಅಳತೆಗಳಿಂದ. ಸಾಮಾನ್ಯವಾಗಿ ಇಂಗಾಲ-ಇಂಗಾಲ ಏಕಬಂಧದ ಉದ್ದ ಸುಮಾರು 1.54 ಆಂಗ್‌ಸ್ಟ್ರಮ್, ದ್ವಿಬಂಧದ್ದು ಸುಮಾರು 1.34. (ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗಕ್ಕೆ ಆಂಗ್‌ಸ್ಟ್ರಮ್ ಎಂದು ಹೆಸರು.) ಕೆಕುಲೆಯ ಚಿತ್ರ ನಿಜವಾಗಿದ್ದರೆ ಉಂಗುರದ ಬದಿಗಳು ಒಂದು ಉದ್ದ, ಒಂದು ಗಿಡ್ಡ ಎಂಬಂತೆ ಇರಬೇಕಾಗಿತ್ತು. 1929ರಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಂಬ ವಿಜ್ಞಾನಿನಿಯು ಬೆಂಜೀನಿನ ಸಂಬಂಧಿಯಾದ ಒಂದು ಸಂಯುಕ್ತದ ಹರಳಿನ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ, ಉಂಗುರವು ಚಪ್ಪಟೆಯಾದ ಸಮಷಡ್ಭುಜವೆಂದು ಸ್ಥಾಪಿಸಿದಳು. ಬೆಂಜೀನಿನ ಆರು ಬದಿಗಳೂ ಸುಮಾರು 1.39 ಆಂಗ್‌ಸ್ಟ್ರಮ್, ಏಕಬಂಧವೂ ಅಲ್ಲ, ದ್ವಿಬಂಧವೂ ಅಲ್ಲ, ನಡುವಿನ ಒಂದು ಸ್ಥಿತಿ.

ಶಾಖದ ಲೆಕ್ಕವೂ ಇದೇ ಕಡೆಗೆ ಬೊಟ್ಟುಮಾಡುತ್ತದೆ. ಆರು ಇಂಗಾಲಗಳ ಉಂಗುರದಲ್ಲಿ ಒಂದೇ ದ್ವಿಬಂಧವುಳ್ಳ ಸೈಕ್ಲೊಹೆಕ್ಸೀನಿಗೆ ಜಲಜನಕವನ್ನು ಕೂಡಿಸಿದರೆ ಮೋಲೊಂದಕ್ಕೆ ಸುಮಾರು 120 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಮೂರು ದ್ವಿಬಂಧಗಳಿಗೆ ಅದರ ಮೂರರಷ್ಟು, ಅಂದರೆ 360 ಬರಬೇಕು. ಬೆಂಜೀನಿನಿಂದ ಬರುವುದು ಸುಮಾರು 208 ಮಾತ್ರ. ಕಡಮೆಯಾದ ಸುಮಾರು 150 ಕಿಲೋಜೂಲ್ ಎಲ್ಲಿ ಹೋಯಿತು? ಎಲ್ಲಿಯೂ ಹೋಗಲಿಲ್ಲ; ಬೆಂಜೀನಿನಲ್ಲಿ ಅದು ಮೊದಲಿನಿಂದಲೂ ಇರಲೇ ಇಲ್ಲ. ನಾವು ಕಾಗದದ ಮೇಲೆ ಬರೆಯುವ ಮೂರು ದ್ವಿಬಂಧಗಳ ಕಲ್ಪಿತ ಅಣುವಿಗಿಂತ ನಿಜವಾದ ಬೆಂಜೀನ್ ಅಷ್ಟು ತಗ್ಗಿನ ಮಟ್ಟದಲ್ಲಿ, ಅಷ್ಟು ನೆಮ್ಮದಿಯಿಂದ ಕುಳಿತಿದೆ. ಬ್ರೋಮಿನಿಗಾಗಿ ಆ ನೆಮ್ಮದಿಯನ್ನು ಬಿಟ್ಟುಕೊಡಲು ಅದಕ್ಕೆ ಮನಸ್ಸಿಲ್ಲ. ಈ ಅಸಾಧಾರಣ ಸ್ಥಿರತೆಯೇ ಇಂದು ‘ಆರೊಮ್ಯಾಟಿಕ್’ ಎಂಬ ಮಾತಿನ ತಿರುಳು.

ಎಲ್ಲರಿಗೂ ಸೇರಿದ ಎಲೆಕ್ಟ್ರಾನುಗಳು

ಈ ಸ್ಥಿರತೆಯ ಕಾರಣವೇನು? ಉಂಗುರದ ಪ್ರತಿಯೊಂದು ಇಂಗಾಲಕ್ಕೂ ಬಂಧಗಳನ್ನು ಏರ್ಪಡಿಸಲು ನಾಲ್ಕು ಎಲೆಕ್ಟ್ರಾನುಗಳಿವೆ. ಎರಡು ಅಕ್ಕಪಕ್ಕದ ಇಂಗಾಲಗಳಿಗೂ ಒಂದು ಜಲಜನಕಕ್ಕೂ ವೆಚ್ಚವಾಗುತ್ತವೆ. ನಾಲ್ಕನೆಯದು ಉಳಿಯುತ್ತದೆ. ಇದಕ್ಕೆ ಪೈ ಎಲೆಕ್ಟ್ರಾನು ಎನ್ನುತ್ತಾರೆ. ಇಂಥ ಆರು ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿ ಅಲ್ಲಲ್ಲಿ ನಿಲ್ಲದೆ, ಉಂಗುರದ ಮೇಲೂ ಕೆಳಗೂ ಬಳೆಯಂತೆ ಸುತ್ತಲೂ ಹರಡಿಕೊಳ್ಳುತ್ತವೆ. ಆರು ಮನೆಯವರು ತಲಾ ಒಂದು ಕೊಡ ನೀರು ತಂದು ಒಂದೇ ತೊಟ್ಟಿಗೆ ಸುರಿದ ಮೇಲೆ ಯಾವ ನೀರು ಯಾರದೆಂದು ಹೇಳಲಾದೀತೆ? ಇಲ್ಲಿಯೂ ಹಾಗೆಯೇ. ಎಲೆಕ್ಟ್ರಾನುಗಳಿಗೆ ಹರಡಿಕೊಳ್ಳಲು ಎಡೆ ಹೆಚ್ಚಿದಷ್ಟೂ ಅವುಗಳ ಶಕ್ತಿ ಇಳಿಯುತ್ತದೆ, ಅಣು ಸ್ಥಿರವಾಗುತ್ತದೆ.

ಆದರೆ ಉಂಗುರವಾದ ಮಾತ್ರಕ್ಕೆ ಈ ಭಾಗ್ಯ ಲಭಿಸುವುದಿಲ್ಲ. ಎಂಟು ಇಂಗಾಲಗಳೂ ನಾಲ್ಕು ದ್ವಿಬಂಧಗಳೂ ಇರುವ ಉಂಗುರವನ್ನು ವಿಲ್‌ಸ್ಟೇಟರ್ 1911ರಲ್ಲಿ ತಯಾರಿಸಿದನು. ಅದು ಬೆಂಜೀನಿನಂತೆ ಚಪ್ಪಟೆಯಾಗದೆ ದೋಣಿಯಂತೆ ಬಾಗಿತು. ಬ್ರೋಮಿನನ್ನು ಸಲೀಸಾಗಿ ಸೇರಿಸಿಕೊಂಡಿತು. 1931ರಲ್ಲಿ ಹ್ಯೂಕೆಲ್ ಗಣಿತದ ನೆರವಿನಿಂದ ಇದರ ರಹಸ್ಯವನ್ನು ಬಿಡಿಸಿದನು. ಅವನ ವಿವೇಚನೆಯಿಂದ ಹೊರಟ ನಿಯಮವನ್ನು ಹೀಗೆ ಹೇಳಬಹುದು: ಅಣುವಿನಲ್ಲಿ ಉಂಗುರವಿರಬೇಕು, ಅದು ಚಪ್ಪಟೆಯಾಗಿರಬೇಕು, ಉಂಗುರದ ಪ್ರತಿಯೊಂದು ಪರಮಾಣುವೂ ಎಲೆಕ್ಟ್ರಾನುಗಳ ಹರಿವಿಗೆ ದಾರಿ ಕೊಡಬೇಕು, ಹಾಗೆ ಹರಿಯುವ ಪೈ ಎಲೆಕ್ಟ್ರಾನುಗಳ ಸಂಖ್ಯೆ 2, 6, 10, 14, 18 ಹೀಗೆ ನಾಲ್ಕು ನಾಲ್ಕಾಗಿ ಏರುವ ಶ್ರೇಣಿಯಲ್ಲಿರಬೇಕು. ಬೆಂಜೀನಿಗೆ 6; ಆದುದರಿಂದ ಆರೊಮ್ಯಾಟಿಕ್. ಎಂಟು ಇಂಗಾಲಗಳ ಉಂಗುರಕ್ಕೆ 8, ಆದುದರಿಂದ ಅಲ್ಲ. ಉಂಗುರದಲ್ಲಿ ಇಂಗಾಲವೇ ಇರಬೇಕೆಂಬ ಕಟ್ಟಳೆಯೂ ಇಲ್ಲ. ಒಂದು ಇಂಗಾಲದ ಬದಲು ಸಾರಜನಕವುಳ್ಳ ಪಿರಿಡೀನಿನಲ್ಲಿಯೂ ಆರು ಪೈ ಎಲೆಕ್ಟ್ರಾನುಗಳಿವೆ. ಅದರ ವಾಸನೆ ಮೂಗು ಮುಚ್ಚಿಕೊಳ್ಳುವಂಥದು. ಆದರೂ ಅದು ಆರೊಮ್ಯಾಟಿಕ್!

ಶ್ರೀಗಂಧದ ವಿಚಾರಣೆ

ಈ ನಿಯಮವನ್ನು ಕೈಯಲ್ಲಿ ಹಿಡಿದು ನಮ್ಮ ಶ್ರೀಗಂಧದ ಬಳಿಗೆ ಬರೋಣ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿ, ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಯೂರೋಪಿಗೆ ಹೋಗುವುದು ನಿಂತುಹೋಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಎಣ್ಣೆಯನ್ನು ನಾಡಿನಲ್ಲಿಯೇ ಬಟ್ಟಿಯಿಳಿಸುವ ಪ್ರಯತ್ನ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ವಿಜ್ಞಾನಿಗಳು ಇದಕ್ಕೆ ನೆರವಾದರು. ಬಳಿಕ ಸಾಬೂನಿನ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳ ಶ್ರಮದಿಂದ ಮೈಸೂರು ಸ್ಯಾಂಡಲ್ ಸಾಬೂನು ಪ್ರಸಿದ್ಧವಾಯಿತು. ಆ ಕಾರ್ಖಾನೆ ಇಂದು ಯಶವಂತಪುರದ ಸಮೀಪದಲ್ಲಿದೆ. ಅದರ ಹೆಸರನ್ನು ಹೊತ್ತ ಮೆಟ್ರೋ ನಿಲ್ದಾಣವೂ ಅಲ್ಲಿ ಉಂಟು. ಸಡ್‌ಬರೊ ಅವರು ಬರ್ನ್‌ತ್ಸೆನ್ ಎಂಬುವರ ಸಾವಯವ ರಸಾಯನಶಾಸ್ತ್ರದ ಪ್ರಸಿದ್ಧ ಪಠ್ಯಪುಸ್ತಕದ ಇಂಗ್ಲಿಷ್ ಆವೃತ್ತಿಯನ್ನು ಪರಿಷ್ಕರಿಸಿದವರು. ಗಂಧದೆಣ್ಣೆಯ ಕೆಲಸಕ್ಕೆ ಕೈಹಾಕಿದವರೇ ವಿದ್ಯಾರ್ಥಿಗಳಿಗೆ ಆರೊಮ್ಯಾಟಿಕ್ ವರ್ಗವನ್ನು ಪರಿಚಯಿಸುವ ಪುಸ್ತಕವನ್ನೂ ತಿದ್ದಿದರೆಂಬುದು ಸ್ವಾರಸ್ಯವಾದ ಸಂಗತಿ.

ಗಂಧದೆಣ್ಣೆಯ ಬಹುಭಾಗ ಸ್ಯಾಂಟಲಾಲ್ ಎಂಬ ದ್ರವ್ಯ. ಇದರಲ್ಲಿ ಆಲ್ಫ, ಬೀಟ ಎಂಬ ಎರಡು ಮುಖ್ಯ ಬಗೆಗಳು. ಎರಡರಲ್ಲಿಯೂ 15 ಇಂಗಾಲ, 24 ಜಲಜನಕ, 1 ಆಮ್ಲಜನಕದ ಪರಮಾಣುಗಳಿವೆ. ಆಲ್ಫದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಮೂರು ಉಂಗುರಗಳೂ ಒಂದು ದ್ವಿಬಂಧವೂ ಇವೆ. ಬೀಟದಲ್ಲಿ ಎರಡು ಉಂಗುರಗಳೂ ಎರಡು ದ್ವಿಬಂಧಗಳೂ ಇವೆ. ಆಲ್ಫದ ದ್ವಿಬಂಧದಲ್ಲಿರುವ ಪೈ ಎಲೆಕ್ಟ್ರಾನುಗಳು ಎರಡು. ‘2 ಎಂಬ ಸಂಖ್ಯೆ ಹ್ಯೂಕೆಲನ ಶ್ರೇಣಿಯಲ್ಲಿದೆಯಲ್ಲ?’ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಆದರೆ ಆ ದ್ವಿಬಂಧ ಉಂಗುರದ ಒಳಗಿಲ್ಲ. ಹೊರಗೆ ಚಾಚಿದ ಬಾಲದಲ್ಲಿದೆ. ಉಂಗುರಗಳಾದರೋ ಚಪ್ಪಟೆಯಾಗಿರದೆ ಪಂಜರದಂತೆ ಉಬ್ಬಿಕೊಂಡಿವೆ. ಅವುಗಳ ಸುತ್ತ ಹರಿಯುವ ಎಲೆಕ್ಟ್ರಾನುಗಳೇ ಇಲ್ಲ. ನಿಯಮದ ನಾಲ್ಕು ಷರತ್ತುಗಳಲ್ಲಿ ‘ಉಂಗುರವಿರಬೇಕು’ ಎಂಬುದೊಂದನ್ನು ಬಿಟ್ಟು ಉಳಿದುದೊಂದೂ ಈಡೇರಲಿಲ್ಲ. ಆದುದರಿಂದ ಶ್ರೀಗಂಧದ ಪರಿಮಳಕ್ಕೆ ಮೂಲವಾದ ಸ್ಯಾಂಟಲಾಲ್ ಆರೊಮ್ಯಾಟಿಕ್ ಅಲ್ಲ. ಅದು ಟರ್ಪೀನ್ ವರ್ಗಕ್ಕೆ ಸೇರಿದುದು. ಗಿಡವು ಐದೈದು ಇಂಗಾಲಗಳ ಇಟ್ಟಿಗೆಗಳನ್ನು ಜೋಡಿಸಿ ಈ ವರ್ಗವನ್ನು ಕಟ್ಟುತ್ತದೆ. ಸ್ಯಾಂಟಲಾಲಿನಲ್ಲಿ ಅಂಥ ಇಟ್ಟಿಗೆಗಳು ಮೂರು.

ಅಂಗಡಿಯ ಉಳಿದ ಸಾಮಾನುಗಳನ್ನೂ ಹೀಗೆಯೇ ವಿಂಗಡಿಸಬಹುದು. ಕರ್ಪೂರದಲ್ಲಿ ಉಂಗುರಗಳಿವೆ, ಅವುಗಳಲ್ಲಿ ದ್ವಿಬಂಧವಿಲ್ಲ. ಏಲಕ್ಕಿಯ ಸಿನಿಯೋಲಿನಲ್ಲಿಯೂ ಇಲ್ಲ. ನಿಂಬೆಯ ಸಿಪ್ಪೆಯ ಲಿಮೊನೀನಿನಲ್ಲಿ ಬೆಂಜೀನಿನಂತೆಯೇ ಆರು ಇಂಗಾಲಗಳ ಉಂಗುರವಿದ್ದರೂ ಅದರೊಳಗೆ ಇರುವುದು ಒಂದೇ ದ್ವಿಬಂಧ. ಈ ಮೂರೂ ಆರೊಮ್ಯಾಟಿಕ್ ಅಲ್ಲ. ಲವಂಗದ ಯೂಜಿನಾಲ್, ಜೀರಿಗೆಯ ಕ್ಯುಮಿನಾಲ್ಡಿಹೈಡ್, ಓಮದ ಥೈಮಾಲ್, ಲೋಬಾನದ ಬೆಂಜಾಯಿಕ್ ಆಮ್ಲ ಇವುಗಳಲ್ಲಿ ಬೆಂಜೀನಿನ ಉಂಗುರವಿದೆ, ಇವು ಆರೊಮ್ಯಾಟಿಕ್. ಇವುಗಳ ಪೈಕಿ ಥೈಮಾಲ್ ಟರ್ಪೀನುಗಳ ದಾರಿಯಲ್ಲಿಯೇ ಹುಟ್ಟಿ, ಕಡೆಯ ಹಂತದಲ್ಲಿ ಜಲಜನಕಗಳನ್ನು ಕಳೆದುಕೊಂಡು ಬೆಂಜೀನಿನ ಕುಟುಂಬಕ್ಕೆ ಸೇರಿಕೊಳ್ಳುತ್ತದೆ. ನಾಫ್ತಲೀನಿನ ನುಸಿಗುಳಿಗೆಯಲ್ಲಿ ಎರಡು ಉಂಗುರಗಳು ಒಂದು ಬದಿಯನ್ನು ಹಂಚಿಕೊಂಡಿದ್ದು ಹತ್ತು ಪೈ ಎಲೆಕ್ಟ್ರಾನುಗಳಿವೆ. ಅರಿಸಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನಿನಲ್ಲಿಯೂ ಎರಡು ಬೆಂಜೀನ್ ಉಂಗುರಗಳಿವೆ.

ಹೊಗೆಯಿಂದ ಕೂಡಿದ ಜ್ವಾಲೆಯನ್ನು ಆರೊಮ್ಯಾಟಿಕ್ ಸಂಯುಕ್ತಗಳ ಲಕ್ಷಣವೆಂದು ಪ್ರಯೋಗಶಾಲೆಯಲ್ಲಿ ಹೇಳಿಕೊಡುವುದುಂಟು. ಅದು ಸೂಚನೆ ಮಾತ್ರ, ಪ್ರಮಾಣವಲ್ಲ. ಮಂಗಳಾರತಿಯ ಕರ್ಪೂರವೂ ಕಪ್ಪು ಮಸಿಯನ್ನು ಬಿಡುತ್ತದೆ. ಜಲಜನಕಕ್ಕೆ ಹೋಲಿಸಿದರೆ ಇಂಗಾಲ ಹೆಚ್ಚಾಗಿರುವ ಪದಾರ್ಥಗಳು ಸಾಮಾನ್ಯವಾಗಿ ಹೀಗೆ ಉರಿಯುತ್ತವೆ. ಹೀಗಿರುವಲ್ಲಿ ಮೂಗನ್ನಾಗಲಿ ಮಸಿಯನ್ನಾಗಲಿ ನೆಚ್ಚದೆ, ರಚನೆಯನ್ನು ಬರೆದು ಎಲೆಕ್ಟ್ರಾನುಗಳನ್ನು ಎಣಿಸುವುದೇ ಸರಿಯಾದ ಮಾರ್ಗ.

ಪರಿಮಳದ ಮರೆಯಲ್ಲಿ ಅಪಾಯ

ಮೂಗನ್ನು ನೆಚ್ಚಬಾರದೆಂಬ ಮಾತು ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಬೆಂಜೀನಿಗೆ ಒಂದು ಬಗೆಯ ಸಿಹಿಯಾದ ವಾಸನೆಯಿದೆ. ಪೆಟ್ರೋಲಿನಲ್ಲಿ ಸ್ವಲ್ಪ ಪ್ರಮಾಣದಲ್ಲಿ ಬೆಂಜೀನ್ ಇರುತ್ತದೆ. ಪೆಟ್ರೋಲಿನ ವಾಸನೆಯನ್ನು ಇಷ್ಟಪಟ್ಟು ಸೇದುವ ಮಕ್ಕಳನ್ನೂ, ಕೈಗೆ ಹತ್ತಿದ ಜಿಡ್ಡನ್ನು ಪೆಟ್ರೋಲಿನಿಂದ ತೊಳೆಯುವ ಕೆಲಸಗಾರರನ್ನೂ ನಾವು ಕಾಣುತ್ತೇವೆ. ಬೆಂಜೀನ್ ಮನುಷ್ಯರಲ್ಲಿ ರಕ್ತದ ಕ್ಯಾನ್ಸರನ್ನು ಉಂಟುಮಾಡಬಲ್ಲುದೆಂಬುದು ಖಚಿತವಾಗಿದ್ದು, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅದನ್ನು ಮೊದಲನೆಯ ವರ್ಗದ ಕ್ಯಾನ್ಸರ್‌ಕಾರಕಗಳಲ್ಲಿ ಸೇರಿಸಿದೆ.

ಇದಕ್ಕೂ ಉಂಗುರದ ಸ್ಥಿರತೆಗೂ ನಿಕಟವಾದ ಸಂಬಂಧವಿದೆ. ಬೆಂಜೀನಿಗೆ ಒಂದು ಮಿಥೈಲ್ ಗುಂಪನ್ನು ಅಂಟಿಸಿದರೆ ಟಾಲೂಯೀನ್ ಆಗುತ್ತದೆ. ಟಾಲೂಯೀನ್ ದೇಹವನ್ನು ಹೊಕ್ಕಾಗ ಯಕೃತ್ತು ಮುಖ್ಯವಾಗಿ ಆ ಮಿಥೈಲ್ ಗುಂಪನ್ನೇ ಹಿಡಿಕೆಯಂತೆ ಹಿಡಿದು ಉತ್ಕರ್ಷಿಸಿ, ಬೆಂಜಾಯಿಕ್ ಆಮ್ಲವನ್ನಾಗಿ ಪರಿವರ್ತಿಸುತ್ತದೆ. ಅದು ಗ್ಲೈಸಿನ್ ಎಂಬ ಅಮೈನೋ ಆಮ್ಲದೊಡನೆ ಕೂಡಿ ಹಿಪ್ಯುರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಟುಹೋಗುತ್ತದೆ. ಉಪ್ಪಿನಕಾಯಿ, ಹಣ್ಣಿನ ರಸಗಳು ಕೆಡದಂತೆ ಬೆರೆಸುವ ಸೋಡಿಯಂ ಬೆಂಜೋಯೇಟ್ ದೇಹದಿಂದ ಹೊರಹೋಗುವುದೂ ಇದೇ ದಾರಿಯಲ್ಲಿ. ಬರಿಯ ಬೆಂಜೀನಿಗೆ ಅಂಥ ಹಿಡಿಕೆಯಿಲ್ಲ. ಯಕೃತ್ತು ಉಂಗುರದ ಮೇಲೆಯೇ ಕೈಮಾಡಬೇಕಾಗುತ್ತದೆ. ಆಗ ಹುಟ್ಟುವ ಉಗ್ರವಾದ ಮಧ್ಯಂತರ ದ್ರವ್ಯಗಳು ರಕ್ತಕಣಗಳು ಹುಟ್ಟುವ ಮೂಳೆಯ ಮಜ್ಜೆಯನ್ನು ಹಾಳುಮಾಡುತ್ತವೆ. ಟಾಲೂಯೀನ್ ನಿರಪಾಯವೆಂದು ಇದರ ಅರ್ಥವಲ್ಲ. ಅದು ನರಮಂಡಲಕ್ಕೆ ಕೇಡು ಮಾಡುತ್ತದೆ. ಆದರೆ ಒಂದೇ ಉಂಗುರವಿದ್ದರೂ ಅದಕ್ಕೆ ಅಂಟಿದ ಗುಂಪನ್ನು ಅನುಸರಿಸಿ ಒಂದು ಔಷಧ, ಮತ್ತೊಂದು ಆಹಾರರಕ್ಷಕ, ಇನ್ನೊಂದು ವಿಷ ಆಗಬಹುದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಈ ಕಾರಣದಿಂದಲೇ ಭಾರತ್ ಹಂತ 6ರ ಪೆಟ್ರೋಲಿನಲ್ಲಿ ಬೆಂಜೀನ್ ಗಾತ್ರದಲ್ಲಿ ಶೇಕಡ 1ನ್ನು ಮೀರಬಾರದೆಂದು ವಿಧಿಸಲಾಗಿದೆ. ಗಾಳಿಯಲ್ಲಿ ಅದರ ವಾರ್ಷಿಕ ಸರಾಸರಿ ಘನಮೀಟರಿಗೆ 5 ಮೈಕ್ರೋಗ್ರಾಮನ್ನು ದಾಟಬಾರದೆಂದು 2009ರ ರಾಷ್ಟ್ರೀಯ ವಾಯುಗುಣಮಟ್ಟದ ಮಾನದಂಡ ಹೇಳುತ್ತದೆ. ಹಗಲಿರುಳೂ ವಾಹನಗಳು ಹರಿಯುವ ಬಳ್ಳಾರಿ ರಸ್ತೆಯ ಬದಿಯಲ್ಲಿರುವ ಅಮೃತಹಳ್ಳಿಯಂಥ ಊರುಗಳ ನಿವಾಸಿಗಳಿಗೆ ಇವು ಬರಿಯ ಅಂಕೆಗಳಲ್ಲ.

ಉಂಗುರದ ಹಿರಿಮೆ

ಆದರೆ ಆರೊಮ್ಯಾಟಿಕ್ ಎಂದೊಡನೆ ವಿಷವೆಂದು ಹೆದರುವುದೂ ಪರಿಮಳವೆಂದು ಮರುಳಾಗುವಷ್ಟೇ ತಪ್ಪು. ನಮ್ಮ ವಂಶಗುಣಗಳನ್ನು ಬರೆದಿಟ್ಟಿರುವ ಡಿ.ಎನ್.ಎ.ಯ ನಾಲ್ಕು ಅಕ್ಷರಗಳೂ ಆರೊಮ್ಯಾಟಿಕ್ ಉಂಗುರಗಳೇ. ರಕ್ತದ ಕೆಂಪಿಗೆ ಕಾರಣವಾದ ಹೀಮ್, ಎಲೆಯ ಹಸುರಿಗೆ ಕಾರಣವಾದ ಪತ್ರಹರಿತ್ತು ಇವೆರಡರಲ್ಲಿಯೂ ಇಂಥ ದೊಡ್ಡ ಉಂಗುರಗಳಿವೆ. ಷಡ್ಭುಜಗಳನ್ನು ಜೇನುಹಟ್ಟಿಯಂತೆ ಎಲ್ಲ ದಿಕ್ಕಿಗೂ ಹೊಂದಿಸುತ್ತ ಹೋದರೆ ಒಂದೇ ಪರಮಾಣುವಿನಷ್ಟು ದಪ್ಪದ ಗ್ರಾಫೀನ್ ಹಾಳೆಯಾಗುತ್ತದೆ. ಅದನ್ನು ಬೇರ್ಪಡಿಸಿ ಅದರ ಗುಣಗಳನ್ನು ತೋರಿಸಿದ ಗೈಮ್ ಮತ್ತು ನೊವೊಸೆಲೊವ್ ಅವರಿಗೆ 2010ರ ನೊಬೆಲ್ ಪಾರಿತೋಷಕ ದೊರೆಯಿತು. ಅಮೃತಹಳ್ಳಿಯ ನೆರೆಯ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರೂ ಅವರ ಸಹೋದ್ಯೋಗಿಗಳೂ ಈ ಗ್ರಾಫೀನಿನ ಮೇಲೆ ವಿಸ್ತಾರವಾಗಿ ಸಂಶೋಧನೆ ನಡೆಸಿದ್ದಾರೆ.

ವಿಜ್ಞಾನದಲ್ಲಿ ಹೆಸರುಗಳು ಹುಟ್ಟಿದ ಕಾಲದ ತಿಳಿವಳಿಕೆಯನ್ನು ಹೊತ್ತುಕೊಂಡು ಬರುತ್ತವೆ. ತಿಳಿವಳಿಕೆ ಮುಂದೆ ಹೋದರೂ ಹೆಸರು ಹಿಂದೆಯೇ ನಿಲ್ಲುತ್ತದೆ. ‘ಆರೊಮ್ಯಾಟಿಕ್’ ಅಂಥದೊಂದು ಹಳೆಯ ಹೆಸರು. ವಿದ್ಯಾರ್ಥಿಗಳು ಅದನ್ನು ಓದಿದಾಗಲೆಲ್ಲ ಪರಿಮಳವನ್ನು ಮರೆತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಚಪ್ಪಟೆಯಾದ ಉಂಗುರವಿದೆಯೆ? ಎಲೆಕ್ಟ್ರಾನುಗಳು ಅದರ ಸುತ್ತ ಎಡೆಬಿಡದೆ ಹರಡಬಲ್ಲವೆ? ಅವುಗಳ ಎಣಿಕೆ ಎಷ್ಟು? ಈ ಮೂರಕ್ಕೂ ಉತ್ತರ ದೊರೆತರೆ ಯಾವ ಸಂಯುಕ್ತವನ್ನು ಮುಂದಿಟ್ಟರೂ ಅದರ ಕುಲವನ್ನು ಗುರುತಿಸಬಹುದು. ಶ್ರೀಗಂಧವಾದರೋ, ರಸಾಯನಶಾಸ್ತ್ರವು ಅದಕ್ಕೆ ಯಾವ ಹೆಸರನ್ನು ಕೊಟ್ಟರೂ ಕೊಡದಿದ್ದರೂ, ತನ್ನ ಕಂಪನ್ನು ಬಿಡಲಾರದು.